ತೊಂಬತ್ತೇಳನೆಯ ಉಂಗುರ

ನನ್ನ ಯಜಮಾನರು ಮನುಷ್ಯರ ಕ್ಷೌರ ಮಾಡುತ್ತಾರೆ, ನಾನು ಮರಗಳ ಕ್ಷೌರ ಮಾಡುತ್ತೇನೆ. ಇಬ್ಬರಲ್ಲಿ ಯಾರ ಕೈ ನಯ ಎಂದು ಕೇಳಿದರೆ ಅವರು ತಮ್ಮ ಕೈಯನ್ನೇ ಮುಂದೆ ಚಾಚುತ್ತಾರೆ. ಚಾಚಲಿ, ಪಾಪ. ಅವರ ಗಿರಾಕಿಯ ಗಲ್ಲಕ್ಕೆ ಒಂದು ಗೀರು ಬಿದ್ದರೆ ಪಟಿಕ ಉಜ್ಜಿ ಕಳಿಸಬಹುದು. ನನ್ನ ಬ್ಲೇಡು ಕೂದಲೆಳೆಯಷ್ಟು ಆಚೀಚೆ ಆದರೆ ಒಂದು ವರ್ಷದ ಮಳೆ ಪಕ್ಕದ ವರ್ಷಕ್ಕೆ ಹೋಗಿ ಸುರಿಯುತ್ತದೆ.

ನಾನು ಓದಿದ್ದು ಹತ್ತನೇ ತರಗತಿ. ಪ್ರಯೋಗಾಲಯಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಒಂದು ದಿನ ಅಲ್ಲಿನ ಒಬ್ಬರು ಮರದ ಪಟ್ಟಿಯನ್ನು ಬ್ಲೇಡಿನಿಂದ ಹೆರೆಯುತ್ತಾ ಹಾಳುಮಾಡುವುದನ್ನು ನೋಡಲಾರದೆ, "ಕೊಡಿ ಇಲ್ಲಿ" ಎಂದು ಕಿತ್ತುಕೊಂಡೆ. ಅದಾಗಿ ಇಪ್ಪತ್ತೆರಡು ವರ್ಷ. ಬ್ಲೇಡು ಹೊಸದೇ ಇರಲಿ, ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ತೀಡದೆ ನಾನು ಮುಟ್ಟುವುದಿಲ್ಲ. ಆ ವಿದ್ಯೆ ಯಜಮಾನರದು, ಒಪ್ಪಿಕೊಳ್ಳುತ್ತೇನೆ. ಅಲ್ಲಿನವರೆಲ್ಲ ನನ್ನನ್ನು ಕರೆಯುವುದು ಬ್ಲೇಡಕ್ಕ ಎಂದು. ಮನೆಯಲ್ಲಿ ನನಗಿರುವ ಹೆಸರು ಜಂಬದ ಕೋಳಿ. ಎರಡೂ ಸರಿಯೇ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಆ ವರ್ಷ ಕುಡಿದ ನೀರಿನ ಗುರುತು ಆ ಉಂಗುರದಲ್ಲೇ ಉಳಿಯುತ್ತದೆ. ನೀರಿನಲ್ಲಿರುವ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂದು ಬಗೆಗಳಿವೆ. ಮಳೆ ಧಾರಾಳವಾಗಿ ಸುರಿದ ವರ್ಷ ಮರದೊಳಗೆ ಹಗುರದ್ದು ಹೆಚ್ಚು, ಬರಗಾಲದ ವರ್ಷ ಭಾರದ ಪಾಲು ಏರುತ್ತದೆ. ನಾನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಉಂಗುರವನ್ನು ಹೆರೆದು ಒಂದೊಂದು ಸೀಸೆಗೆ ಹಾಕುತ್ತೇನೆ. ಆಮೇಲೆ ಅದನ್ನು ಬಿಳುಪು ಮಾಡುವ ನೀರಿನಲ್ಲಿ, ಕ್ಷಾರದಲ್ಲಿ ದಿನಗಟ್ಟಲೆ ನೆನೆಸಿ ತೊಳೆದರೆ ಹತ್ತಿಯಂಥ ಬಿಳಿ ನಾರು ಉಳಿಯುತ್ತದೆ. ಅದರಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಚೂರನ್ನು ಬೆಳ್ಳಿಯ ಹಾಳೆಯ ಪುಟ್ಟ ಬಟ್ಟಲಲ್ಲಿ ಮಡಚಿ ಯಂತ್ರದ ಕುಲುಮೆಗೆ ಹಾಕಿದರೆ, ಹಗುರ ಎಷ್ಟು ಭಾರ ಎಷ್ಟು ಎಂದು ಯಂತ್ರ ಹೇಳುತ್ತದೆ. ಯಂತ್ರ ಹೇಳುವುದು ಕೊನೆಗೆ. ಅದಕ್ಕೆ ಸರಿಯಾದ ವರ್ಷವನ್ನು ತಿನ್ನಿಸುವವಳು ನಾನು.

ನನ್ನ ಮೇಜಿನ ಮೇಲಿನ ಗೋಡೆಗೆ ನನ್ನದೇ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದೆ. 'ಉಂಗುರದ ನಡುವೆ ಏಳಬಾರದು.' ಬಾಯಾರಲಿ, ಫೋನು ಬಡಿದುಕೊಳ್ಳಲಿ, ಹಿಡಿದ ಉಂಗುರ ಮುಗಿಸಿ, ಬ್ಲೇಡು ಒರೆಸಿ, ಸೀಸೆಗೆ ಮುಚ್ಚಳ ಹಾಕಿಯೇ ಏಳಬೇಕು. ಏಕೆಂದರೆ ಅರ್ಧ ಕಡಿದ ಮರದ ಮುಖ, ಉಂಗುರದ ನಿಜವಾದ ಅಂಚಿನ ಹಾಗೇ ಕಾಣುತ್ತದೆ. ಹತ್ತು ವರ್ಷದ ಹಿಂದೆ ಕೆಲಸ ಕಲಿಯಲು ಬಂದಿದ್ದ ಒಬ್ಬ ಹುಡುಗಿ ಹೀಗೆ ನಡುವೆ ಎದ್ದು ಚಹಾ ಕುಡಿಯಲು ಹೋಗಿದ್ದಳು. ಎಲ್ಲರೆದುರು ಬೈದು, ಅವಳ ಹನ್ನೊಂದು ದಿನದ ಕೆಲಸವನ್ನು ಮೊದಲಿನಿಂದ ಮಾಡಿಸಿದೆ. ಅತ್ತಳು, ಆದರೆ ಕಲಿತಳು. ಮುಂದೆ ದೊಡ್ಡ ಓದು ಓದಿ, ಎರಡು ವರ್ಷದ ಹಿಂದೆ ಅದೇ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿ ಬಂದಳು. ಈಗ ನಾನು ಅವಳನ್ನು ಮೇಡಂ ಎನ್ನುತ್ತೇನೆ, ಅವರು ಎನ್ನುತ್ತೇನೆ. ಅವರು ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟಿಲ್ಲ.

ಬಿರುಗಾಳಿಗೆ ಬಿದ್ದ ಒಂದು ಹಳೆಯ ಮರದ ಬಿಲ್ಲೆ ನಮಗೆ ಸಿಕ್ಕಿತು. ಈ ಜಾತಿಯ ಮರದಲ್ಲಿ ಉಂಗುರ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಮೂವರು ಎಣಿಸಿದರೆ ಮೂರು ಲೆಕ್ಕ. ಅದಕ್ಕೇ ಮೇಡಂ ಬಿಲ್ಲೆಯಿಂದ ಪಕ್ಕಪಕ್ಕದ ಎರಡು ಪಟ್ಟಿ ಕೊಯ್ಯಿಸಿ, ಒಂದನ್ನು ನನ್ನ ಕೈಗಿಟ್ಟು, ಅದರ ಜೋಡಿಯನ್ನು ಡ್ರಾಯರಿನಲ್ಲಿಟ್ಟರು. ತೊಗಟೆಯಿಂದ ಒಳಕ್ಕೆ ಹೆರೆಯುತ್ತಾ ಹೋದೆ. ಎಂಟು ತಿಂಗಳು, ಮುನ್ನೂರ ಹನ್ನೊಂದು ಉಂಗುರ, ಮುನ್ನೂರ ಹನ್ನೊಂದು ಸೀಸೆ. ನಡುವೆ ಎರಡು ದಿನ ಮಾತ್ರ ರಜೆ ಹಾಕಿದ್ದೆ, ಮಗಳ ಹೆರಿಗೆಗೆ.

ಆ ಹೆರಿಗೆಯ ಕತೆ ನಮ್ಮ ಬೀದಿಗೆಲ್ಲ ಗೊತ್ತು. ಫೋನು ಬಂದ ಕೂಡಲೇ ನಾನು ಓಡಿದ ಓಟಕ್ಕೆ ಬ್ಲೇಡು ಬೆರಳುಗಳ ನಡುವೆಯೇ ಇತ್ತಂತೆ. ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ತಡೆದು, "ಏನಮ್ಮ, ಹೆರಿಗೆ ಮಾಡಿಸೋಕೆ ನೀವೇ ಬಂದ್ರಾ?" ಎಂದನಂತೆ. ನನಗೆ ನೆನಪಿಲ್ಲ. ಯಜಮಾನರು ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಗಲ್ಲಕ್ಕೆ ನೊರೆ ಹಚ್ಚುವಷ್ಟರಲ್ಲಿ ಈ ಕತೆ ಹೇಳಿ ಮುಗಿಸುತ್ತಾರೆ. ನೊರೆ ಹಚ್ಚಿಸಿಕೊಂಡವನು ಎದ್ದು ಹೋಗುವ ಹಾಗಿಲ್ಲವಲ್ಲ.

ಸೀಸೆಗಳೆಲ್ಲ ಕುಲುಮೆ ದಾಟಿ ಬಂದ ಮೇಲೆ, ಒಂದು ಮಧ್ಯಾಹ್ನ ಮೇಡಂ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ಅಕ್ಕ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಬೇಜಾರಾಗೋ ಮಾತಾದ್ರೆ ಮಾಡ್ಕೋತೀನಿ. ಕೇಳಿ."

ಅವರು ನಕ್ಷೆ ಬಿಡಿಸಿದರು. ಮುನ್ನೂರು ವರ್ಷದ ಮಳೆ ಏರುತ್ತಾ ಇಳಿಯುತ್ತಾ ಒಂದೇ ಗೆರೆಯಾಗಿತ್ತು. ಗೆರೆ ಇಳಿದರೆ ಮಳೆ, ಏರಿದರೆ ಬರ. ಒಂದು ಕಡೆ ಅದು ಕಡಿದಾಗಿ ಏರಿತ್ತು. ಅದು ಎಲ್ಲಕ್ಕಿಂತ ದೊಡ್ಡ ಬರಗಾಲ. ನಮ್ಮ ಊರಿನ ಹಳೆಯ ಸೇತುವೆಯ ಕಂಬದ ಬುಡದಲ್ಲಿ ಆ ಬರಗಾಲದ್ದೇ ಗುರುತಿದೆ. ನದಿ ಅಲ್ಲಿಯ ತನಕ ಇಳಿದಾಗ ಯಾರೋ ಕಲ್ಲುಕುಟಿಗ ಅಡ್ಡಗೆರೆ ಕೆತ್ತಿ, ಕೆಳಗೆ ವರ್ಷ ಬರೆದಿದ್ದಾನೆ. ಆ ವರ್ಷದಿಂದ ಎಣಿಸಿದರೆ ಬರಗಾಲ ಬರಬೇಕಾದ್ದು ನೂರ ನಲವತ್ತೆರಡನೆಯ ಉಂಗುರದಲ್ಲಿ. ನನ್ನ ಸೀಸೆಗಳಲ್ಲಿ ಅದು ನೂರ ನಲವತ್ತಮೂರರಲ್ಲಿತ್ತು.

"ಒಂದು ವರ್ಷ ಜಾಸ್ತಿಯಾಗಿದೆ ಅಕ್ಕ. ಅರವತ್ತೊಂದು, ಅರವತ್ತೆರಡು ಎರಡೂ ತುಂಬಾ ಸಣ್ಣ ಉಂಗುರ. ಒಂದೇ ವರ್ಷದೊಳಗೆ ಸುಳ್ಳು ಗೆರೆ ಬಿದ್ದಿರಬಹುದು. ನೀವು ಒಂದನ್ನ ಎರಡು ಅಂತ ಎಣಿಸಿರಬಹುದು."

"ಎಣಿಸಿಲ್ಲ."

"ಸೋಮವಾರ ನೀರಾವರಿ ಇಲಾಖೆಯವರು ಬರ್ತಾರೆ. ಎಷ್ಟು ವರ್ಷಕ್ಕೊಮ್ಮೆ ನದಿ ಒಣಗುತ್ತೆ ಅನ್ನೋದನ್ನ ಈ ಗೆರೆ ನೋಡಿ ಹೊಸ ಜಲಾಶಯದ ಲೆಕ್ಕ ಹಾಕ್ತಾರೆ. ಒಂದು ವರ್ಷ ತಪ್ಪಿದ್ರೆ ಉಳಿದದ್ದನ್ನೂ ನಂಬಲ್ಲ. ಮುಂದಿನ ಮರಗಳನ್ನ ಯಂತ್ರದಿಂದ ಹೆರೆಯೋ ಕಡೆಗೆ ಕಳಿಸೋಣ ಅಂತ ಯೋಚನೆ ಮಾಡ್ತಿದ್ದೀನಿ."

ಗುರುವಿಗೇ ತಿರುಮಂತ್ರ! ನನಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. "ನಿನಗೆ ಬ್ಲೇಡು ಹಿಡಿಯೋದು ಕಲಿಸಿದ್ದು ಯಾರು?" ಎಂದುಬಿಟ್ಟೆ. ಪಕ್ಕದ ಕೋಣೆಯವರು ತಿರುಗಿ ನೋಡಿದರು.

ಮೇಡಂ ಮುಖ ಕೆಂಪಾಯಿತು. ಆದರೂ ಮೆಲ್ಲಗೆ, "ನೀವೇ ಅಕ್ಕ," ಎಂದರು.

ಆ ಮೆಲುದನಿ ನನ್ನನ್ನು ಇನ್ನಷ್ಟು ಕೆರಳಿಸಿತು. ಡ್ರಾಯರಿನಿಂದ ಜೋಡಿ ಪಟ್ಟಿ ತೆಗೆಸಿದೆ. "ಇದರಲ್ಲಿ ಅರವತ್ತೊಂದು ಅರವತ್ತೆರಡನ್ನ ಒಂದೊಂದಕ್ಕೆ ಎಂಟೆಂಟು ಪದರ ಮಾಡಿ ಕೊಡ್ತೀನಿ. ಎರಡು ವರ್ಷ ಆದ್ರೆ ಮಳೆಗಾಲ ಎರಡು ಸಲ ಕಾಣಬೇಕು. ಒಂದೇ ಸಲ ಕಂಡ್ರೆ ನಾಳೆಯಿಂದ ಗಾಜು ತೊಳೀತೀನಿ."

ಉಗುರಿನಂಚಿನಷ್ಟು ಸಣ್ಣ ಉಂಗುರವನ್ನು ಎಂಟು ಪದರ ಮಾಡುವುದೆಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗಲ್ಲ, ಕೂದಲಿನಿಂದಲೇ ಕೂದಲು ತೆಗೆದ ಹಾಗೆ. ಎರಡು ದಿನ ಉಸಿರು ಬಿಗಿಹಿಡಿದು ಕೂತೆ. ಒಂದು ಪದರವೂ ಹರಿಯಲಿಲ್ಲ. ಬೆಳಕಿಗೆ ಹಿಡಿದರೆ ಈರುಳ್ಳಿ ಪೊರೆಯ ಹಾಗೆ ಆಚೆಯದು ಕಾಣುತ್ತಿತ್ತು. ಮೇಡಂ ಹಿಂದೆ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ನಿಧಾನ ಮಾಡಿದೆ.

ಪದರ ತೆಳುವಾದ್ದರಿಂದ ಬೇಗ ನೆನೆದು ಬೆಳ್ಳಗಾದವು, ಶುಕ್ರವಾರ ಯಂತ್ರ ಹೇಳಿತು. ಗೆರೆ ಮೇಲಿನಿಂದ ಇಳಿಯಿತು, ಏರಿತು. ಮತ್ತೆ ಇಳಿಯಿತು, ಮತ್ತೆ ಏರಿತು. ಎರಡು ಮಳೆಗಾಲ. ಎರಡು ವರ್ಷ.

ಮೇಡಂ ಎಲ್ಲರೆದುರು ನನ್ನ ಎರಡೂ ಕೈ ಹಿಡಿದುಕೊಂಡರು. "ತಪ್ಪು ನಂದು ಅಕ್ಕ. ಹಾಗಾದ್ರೆ ಕಲ್ಲಿನ ಮೇಲಿನ ವರ್ಷವೇ ತಪ್ಪು. ಯಾರೋ ಆಮೇಲೆ ಯಾವಾಗಲೋ ನೆನಪಿನಿಂದ ಕೆತ್ತಿರಬೇಕು. ಸೋಮವಾರ ಸಭೇಲಿ ಹೇಳ್ತೀನಿ. ಸೇತುವೆ ನೋಡಿಕೊಳ್ಳೋರೂ ಬರ್ತಾರೆ, ಆ ಗುರುತಿನ ಪಕ್ಕ 'ಕಾಲ ಖಚಿತವಿಲ್ಲ' ಅಂತ ಫಲಕ ಹಾಕ್ಸೋಣ."

ಅಂದು ನನಗೆ ಎದೆ ಉಬ್ಬಿದ್ದು ಸುಳ್ಳಲ್ಲ. ಹತ್ತನೇ ತರಗತಿಯ ಹೆಂಗಸಿನ ಕೈ ಗೆದ್ದು, ಕಲ್ಲೇ ಸೋತಿತ್ತು. ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಯಜಮಾನರಿಗೆ ತಿಂಡಿ ಕೊಡಲು ಅಂಗಡಿಗೆ ಹೋದೆ, ಕಂಕುಳಲ್ಲಿ ಮೊಮ್ಮಗಳು. ಅವಳಿಗೆ ಹನ್ನೊಂದು ತಿಂಗಳು, ನನ್ನ ಹಾಗೇ ಮೂಗು, ನನ್ನ ಹಾಗೇ ಹಟ. ಕನ್ನಡಿಯ ಮುಂದೆ ಹೊಸ ಗಿರಾಕಿಯೊಬ್ಬ ನೊರೆಯೊಳಗೆ ಮುಳುಗಿದ್ದ. ಯಜಮಾನರು ನನ್ನನ್ನು ನೋಡಿದ್ದೇ ತಡ, ಶುರು ಮಾಡಿದರು.

"ಇವಳೇ ನೋಡಿ ಸ್ವಾಮಿ! ಮಗಳ ಹೆರಿಗೆಗೆ ಬ್ಲೇಡು ಹಿಡ್ಕೊಂಡು ಬಂದೋಳು. ನಾನೇ ಬೆರಳು ಬಿಡಿಸಿ ತಗೊಂಡೆ. ಅದರ ಬಾಯಿಗೆ ಮರದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು ಅಂತೀನಿ!"

ಗಿರಾಕಿ ನೊರೆ ಹಾರಿಸಿಕೊಂಡು ನಕ್ಕ. ನನಗೆ ನಗು ಬರಲಿಲ್ಲ.

"ಏನಂದ್ರಿ?"

"ಏನಂದೆ?"

"ಸಿಪ್ಪೆ ಅಂಟಿತ್ತು ಅಂದ್ರಲ್ಲ. ನಿಜಾನಾ, ಕತೆಗೆ ಉಪ್ಪು ಖಾರ ಹಾಕಿದ್ರಾ?"

"ನಿಜಾನೇ ಕಣೇ. ಸುರುಳಿ ಸುತ್ಕೊಂಡಿತ್ತು, ನಾನೇ ಊದಿ ಹಾರಿಸಿದೆ. ಯಾಕೆ?"

ಉಂಗುರ ಮುಗಿಸಿದ ಮೇಲೆ ಬ್ಲೇಡು ಒರೆಸದೆ ನಾನು ಎದ್ದವಳೇ ಅಲ್ಲ. ಸಿಪ್ಪೆ ಅಂಟಿತ್ತು ಎಂದರೆ ಉಂಗುರ ಮುಗಿದಿರಲಿಲ್ಲ. ಮಗುವನ್ನು ಅಜ್ಜನ ಕೈಗೆ ಕೊಟ್ಟು ಹೊರಟೆ. ಗಿರಾಕಿಯ ಗಲ್ಲದ ಮೇಲೆ ನೊರೆ ಒಣಗಿತೋ ಏನೋ, ನೋಡಲಿಲ್ಲ.

ಪ್ರಯೋಗಾಲಯದ ಒಂದು ಕೀಲಿ ನನ್ನ ಹತ್ತಿರವೂ ಇರುತ್ತದೆ. ಬಾಗಿಲು ತೆಗೆದು ನನ್ನ ಪುಸ್ತಕ ಬಿಡಿಸಿದೆ. ಯಾವ ಸೀಸೆ, ಯಾವ ದಿನ ಎಂದು ಹೆರೆಯುವ ಮೊದಲೇ ಬರೆಯುತ್ತೇನೆ, ತೂಕ ಆಮೇಲೆ. ಎಲ್ಲ ಅದರಲ್ಲಿದೆ. ಮೊಮ್ಮಗಳು ಹುಟ್ಟಿದ ದಿನ ಬರೆದ ಕೊನೆಯ ಸೀಸೆ ತೊಂಬತ್ತೇಳು. ಎರಡು ದಿನ ಬಿಟ್ಟು ಬರೆದ ಮೊದಲ ಸೀಸೆ ತೊಂಬತ್ತೆಂಟು. ಅಕ್ಕಪಕ್ಕದ ಸೀಸೆಗಳೆಲ್ಲ ಇಪ್ಪತ್ತನಾಲ್ಕು, ಇಪ್ಪತ್ತೈದು ಮಿಲಿಗ್ರಾಂ ತೂಗುತ್ತವೆ. ತೊಂಬತ್ತೇಳು ಹನ್ನೆರಡು. ತೊಂಬತ್ತೆಂಟು ಹದಿಮೂರು.

ಜೋಡಿ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ಜಾಗ ಹುಡುಕಿದೆ. ನಾನು ಎರಡು ಸೀಸೆ ತುಂಬಿದ್ದ ಜಾಗದಲ್ಲಿ ಒಂದೇ ಒಂದು ಅಗಲವಾದ ಉಂಗುರ ತಣ್ಣಗೆ ಮಲಗಿತ್ತು. ಅರ್ಧ ಹೆರೆದು ಓಡಿದ್ದೆ. ಮರಳಿ ಬಂದವಳು ನನ್ನ ಬ್ಲೇಡು ಕಡಿದ ಮುಖವನ್ನೇ ಅಂಚು ಎಂದುಕೊಂಡು ಹೊಸ ಸೀಸೆ ತೆಗೆದಿದ್ದೆ. ಆ ವರ್ಷದ ಮಳೆಗಾಲದ ಪಾಲು ಒಂದು ಸೀಸೆಗೆ, ಅದಕ್ಕೂ ಮುಂಚಿನ ಒಣ ದಿನಗಳ ಪಾಲು ಇನ್ನೊಂದಕ್ಕೆ. ಮೇಡಂ ನಕ್ಷೆಯಲ್ಲಿ ಅದು ಒಣ ವರ್ಷದ ಬೆನ್ನಿಗೇ ಬಂದ ಭಾರೀ ಮಳೆಯ ವರ್ಷವಾಗಿ ಕೂತಿತ್ತು.

ತಲೆಯೆತ್ತಿದರೆ ಗೋಡೆಯ ಮೇಲೆ ನನ್ನದೇ ಅಕ್ಷರ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಸುಳ್ಳು ಯಾಕೆ ಹೇಳಲಿ, ಸುಮ್ಮನಿದ್ದುಬಿಡೋಣ ಎಂದು ನನಗೂ ಅನಿಸಿತು. ಆ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಹೇಳಿದರೆ ಕೈಕೆಲಸ ಯಂತ್ರದ ಪಾಲು, ನಾನು ಮತ್ತೆ ಗಾಜು ತೊಳೆಯುವ ತೊಟ್ಟಿಗೆ. ಅದಕ್ಕಿಂತ ಹೆಚ್ಚಾಗಿ, ಬ್ಲೇಡಕ್ಕನ ಕೈ ತಪ್ಪಿತು ಎಂದು ಜನ ಆಡಿಕೊಳ್ಳುವುದನ್ನು ನಾನು ಸಹಿಸಲಾರೆ. ಹೇಳದಿದ್ದರೆ ಯಾರಿಗೆ ನಷ್ಟ? ಒಂದು ಕಲ್ಲಿಗೆ ತಾನೆ?

ಸೋಮವಾರ ಬೆಳಿಗ್ಗೆ ಎರಡು ಸಲ ಮೇಡಂ ಕೋಣೆಯ ಬಾಗಿಲ ತನಕ ಹೋಗಿ ಹಿಂದಿರುಗಿದೆ. "ಏನಕ್ಕ?" ಎಂದು ಒಳಗಿನಿಂದ ಕೇಳಿದರು. "ಏನಿಲ್ಲ, ಕಿಟಕಿ ಮುಚ್ಚಿದೆಯಾ ಅಂತ ನೋಡಿದೆ," ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರು ಬ್ಲೇಡಕ್ಕ ಎಂದರೂ ಬೆಚ್ಚುತ್ತಿದ್ದೆ.

ಸಭೆ ತುಂಬಿತು. ನೀರಾವರಿಯವರು ಹತ್ತು ಜನ, ಸೇತುವೆಯ ಉಸ್ತುವಾರಿಯ ಒಬ್ಬ ಮುದುಕರು, ನಮ್ಮವರೆಲ್ಲ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೇಡಂ ಗೆರೆ ತೋರಿಸಿದರು, ಅರವತ್ತೊಂದು ಅರವತ್ತೆರಡರ ಕತೆ ಹೇಳಿದರು, ನನ್ನ ಕೈಯನ್ನು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಮಡಿಲಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದೆ.

ಆಮೇಲೆ ಅವರು ಪರದೆಯ ಮೇಲೆ ಸೇತುವೆಯ ಚಿತ್ರ ಹಾಕಿದರು. ಅಡ್ಡಗೆರೆ, ಅದರ ಕೆಳಗೆ ಅಂಕಿಗಳು. ಅದನ್ನು ಅಷ್ಟು ದೊಡ್ಡದಾಗಿ ನಾನು ನೋಡಿರಲಿಲ್ಲ. ಗೆರೆ ಒಂದೇ ನೇರ, ಆರಂಭದಿಂದ ಕೊನೆಯ ತನಕ ಒಂದೇ ಆಳ. ಉಳಿಯನ್ನು ನಡುವೆ ಎತ್ತಿಟ್ಟು ಎದ್ದವನ ಕೆಲಸವಲ್ಲ ಅದು.

"ಕೆತ್ತಿದವನು ತಪ್ಪಿದ್ದಾನೆ ಅಂತ ಕಾಣುತ್ತೆ," ಎಂದರು ಮೇಡಂ. ಸೇತುವೆಯ ಮುದುಕರು ಏನೋ ಹೇಳಲು ಬಾಯಿ ತೆರೆದು, ಅಷ್ಟು ಓದಿದವರ ನಡುವೆ ಯಾಕೆಂದು ಮತ್ತೆ ಮುಚ್ಚಿಕೊಂಡರು.

ನಾನು ಎದ್ದು ನಿಂತೆ.

"ಮೇಡಂ, ಕಲ್ಲು ಸರಿಯಾಗಿದೆ. ತಪ್ಪಿದ್ದು ನಾನು."

ಪುಸ್ತಕ ಬಿಡಿಸಿ ದಿನಾಂಕ ಓದಿದೆ, ತೂಕ ಓದಿದೆ. "ತೊಂಬತ್ತೇಳು, ತೊಂಬತ್ತೆಂಟು ಎರಡೂ ಒಂದೇ ಉಂಗುರ. ಅವತ್ತು ನನ್ನ ಮೊಮ್ಮಗಳು ಹುಟ್ಟಿದ್ಲು. ಉಂಗುರದ ನಡುವೆ ಎದ್ದು ಓಡಿದೆ. ಹಾಗೆ ಏಳಬಾರದು ಅಂತ ಈ ಮೇಡಂನ ಎಲ್ಲರೆದುರು ಬೈದೋಳು ನಾನೇ. ಅದಕ್ಕೇ ಎಲ್ಲರೆದುರೇ ಹೇಳ್ತಿದ್ದೀನಿ."

ನೀರಾವರಿಯವರಲ್ಲಿ ಒಬ್ಬರು ಕೇಳಿದರು, "ನೀವು ಹೇಳದಿದ್ರೆ ನಮಗೆ ಗೊತ್ತಾಗ್ತಾನೇ ಇರಲಿಲ್ಲ. ಯಾಕೆ ಹೇಳಿದ್ರಿ?"

ಪರದೆಯ ಕಡೆ ಕೈ ತೋರಿಸಿದೆ. "ಅವನೂ ನನ್ನ ಹಾಗೆ ಕೈಕೆಲಸದವನು. ನಾನು ತಪ್ಪಿಲ್ಲ ಅಂತ ಎದ್ದು ಹೇಳೋಕೆ ಅವನಿಲ್ಲ. ನಾನಿದ್ದೀನಲ್ಲ."

ಸೇತುವೆಯ ಮುದುಕರು ಎದ್ದು ನಿಂತು ಕೈಮುಗಿದರು. ನನಗೋ, ಪರದೆಗೋ, ತಿಳಿಯಲಿಲ್ಲ.

ಮೇಡಂ ಸಭೆಯನ್ನು ಮುಗಿಸಲಿಲ್ಲ, ಒಂದು ಗಂಟೆ ನಿಲ್ಲಿಸಿದರು. ಮೊದಲು ಜೋಡಿ ಪಟ್ಟಿಯನ್ನು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಬಂದವರಿಗೂ ತೋರಿಸಿದರು. ಆಮೇಲೆ ತೊಂಬತ್ತೇಳು, ತೊಂಬತ್ತೆಂಟರ ಅಂಕಿಗಳನ್ನು ಕೂಡಿಸಿ ಒಂದು ಮಾಡಿ, ಗೆರೆಯನ್ನು ಮತ್ತೆ ಎಳೆಸಿದರು. ಆ ವಿಚಿತ್ರ ಏರಿಳಿತ ಮಾಯವಾಯಿತು. ಅದರ ಹಿಂದಿನ ವರ್ಷಗಳೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದವು. ದೊಡ್ಡ ಬರಗಾಲ ನೂರ ನಲವತ್ತೆರಡಕ್ಕೆ, ಕಲ್ಲು ಹೇಳಿದ ವರ್ಷಕ್ಕೇ, ಬಂದು ನಿಂತಿತು. ಅದಕ್ಕಿಂತ ಹಿಂದಿನ ಎರಡು ಬರಗಾಲಗಳು ನೀರಾವರಿಯವರು ತಂದಿದ್ದ ಹಳೆಯ ಕಡತಗಳಲ್ಲಿ ಬರೆದಿದ್ದ ವರ್ಷಗಳಿಗೇ ಹೋಗಿ ಕೂತವು. ಮೂರೂ ಸರಿ. ಮುನ್ನೂರ ಹತ್ತು ವರ್ಷ, ಒಂದೂ ಆಚೀಚೆ ಇಲ್ಲ. ಆಗ ತಟ್ಟಿದ ಚಪ್ಪಾಳೆ ಮೊದಲಿನದಕ್ಕಿಂತ ಕಡಿಮೆ ಹೊತ್ತು ಇತ್ತು, ಆದರೆ ಅದು ನನಗೆ ಕೇಳಿಸಿತು.

ಎಲ್ಲರೂ ಹೋದ ಮೇಲೆ ಮೇಡಂ ನನ್ನ ಮೇಜಿನ ಹತ್ತಿರ ಬಂದರು. ಗಾಜು ತೊಳೆಯುವ ತೊಟ್ಟಿ ಯಾವತ್ತಿನಿಂದ ಎಂದು ನಾನೇ ಕೇಳಿದೆ.

"ಸುಮ್ನಿರಿ ಅಕ್ಕ. ಮುಂದಿನ ಮರದ ಪಟ್ಟಿ ಬುಧವಾರ ಬರುತ್ತೆ. ನೀವೇ ಹೆರೆಯೋದು." ಆಮೇಲೆ ಕೇಳಿದರು, "ಚಹಾ ಕುಡಿಯೋಕೆ ಎದ್ದಿದ್ದಕ್ಕೆ ನನ್ನ ಹತ್ರ ಹನ್ನೊಂದು ದಿನ ಮತ್ತೆ ಮಾಡಿಸಿದ್ರಿ. ನಿಮಗೆಷ್ಟು ದಿನ ಹಾಕ್ಲಿ?"

"ಮೊಮ್ಮಗಳಿಗೆ ರಿಯಾಯಿತಿ ಇಲ್ವಾ?"

"ಇಲ್ಲ."

"ಸರಿ, ಜೋಡಿ ಪಟ್ಟೀಲಿ ಉಳಿದಿರೋದನ್ನ ತೊಗಟೆಯಿಂದ ನೂರ ನಲವತ್ತೆರಡರ ತನಕ ಪೂರ್ತಿ ಹೆರೆದು ಕೊಡ್ತೀನಿ. ಇನ್ನೊಂದು ಸಲ ತಾಳೆ ನೋಡಿ."

ಇಬ್ಬರೂ ನಕ್ಕೆವು. ಅವರು ಕಣ್ಣೊರೆಸಿಕೊಂಡಿದ್ದನ್ನು ನೋಡದ ಹಾಗೆ ನಾನು ಬ್ಲೇಡು ತೀಡಿದೆ. ಆಮೇಲೆ ಗೋಡೆಯ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ. 'ಎದ್ದರೆ ಹೇಳಬೇಕು.'

ಅಂಗಡಿಯಲ್ಲಿ ಈಗ ಕತೆ ಉದ್ದವಾಗಿದೆ. ನೊರೆ ಹಚ್ಚಿ ಮುಗಿದರೂ ಮುಗಿಯುವುದಿಲ್ಲ, ಕತ್ತಿ ಗಲ್ಲಕ್ಕೆ ಬಂದ ಮೇಲೂ ನಡೆಯುತ್ತದೆ. "ಜಂಬದ ಕೋಳಿ ಸಭೇಲಿ ಎದ್ದು ನಿಂತು ಕೂಗಿತು ಸ್ವಾಮಿ," ಎನ್ನುವಾಗ ಯಜಮಾನರ ಮುಖ ನೋಡಬೇಕು, ತಾವೇ ಎದ್ದು ನಿಂತಿದ್ದವರ ಹಾಗೆ.

ಬೇಸಿಗೆಯಲ್ಲಿ ನದಿ ಇಳಿದಾಗ ಮೊಮ್ಮಗಳನ್ನು ಎತ್ತಿಕೊಂಡು ಸೇತುವೆಯ ಕೆಳಗೆ ಹೋದೆ. ಫಲಕವೇನೂ ಇರಲಿಲ್ಲ. ಗುರುತು ಇನ್ನೂ ಗೇಣುದ್ದ ನೀರೊಳಗಿತ್ತು. ಹತ್ತಿರ ಕೂತು, ಅವಳ ಬೆರಳು ಹಿಡಿದು ನೀರೊಳಗೇ ಆ ಅಡ್ಡಗೆರೆಯ ಮೇಲೆ ಎಳೆಸಿದೆ. ಆಮೇಲೆ ನನ್ನ ಬೆರಳನ್ನೂ ಇಟ್ಟೆ. ಇಷ್ಟು ವರ್ಷ ನೀರು ಮೇಲೆ ಹರಿದರೂ ಅಂಚು ಇನ್ನೂ ಚೂಪಾಗಿತ್ತು.

"ಒಳ್ಳೆ ಕೈ," ಎಂದೆ ಅವನಿಗೆ.